ತಿರುಗಿ ನೋಡಿದ ಓಟಗಾರ

ಶಾಲೆಯ ಮೈದಾನದಲ್ಲಿ ಓಟಕ್ಕೆ ನಿಂತ ಮಕ್ಕಳಿಗೆ ಡ್ರಿಲ್ ಮಾಸ್ತರರು ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು, ‘ಓಡುವಾಗ ಹಿಂದೆ ತಿರುಗಿ ನೋಡಬೇಡ’ ಎಂಬುದು. ಈ ಮಾತು ಬರೀ ಗದರಿಕೆಯಲ್ಲ, ಅದರಲ್ಲಿ ವಿಜ್ಞಾನವೂ ಇದೆ. ಕತ್ತು ತಿರುಗಿದರೆ ಅದರ ಜೊತೆಗೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಸೊಂಟ ಹೊರಳುತ್ತದೆ, ಸೊಂಟ ಹೊರಳಿತೆಂದರೆ ಹೆಜ್ಜೆಯ ಲಯ ತಪ್ಪುತ್ತದೆ. ಕೆನಡಾದ ವ್ಯಾಂಕೂವರ್‌ನಲ್ಲಿ 1954ರ ಆಗಸ್ಟ್ 7ರಂದು ನಡೆದ ಪ್ರಸಿದ್ಧ ಒಂದು ಮೈಲಿ ಓಟದಲ್ಲಿ ಆಸ್ಟ್ರೇಲಿಯದ ಜಾನ್ ಲ್ಯಾಂಡಿ ಕೊನೆಯ ತಿರುವಿನಲ್ಲಿ ಎಡ ಭುಜದ ಮೇಲಿಂದ ಹಿಂದಕ್ಕೆ ನೋಡಿದರು. ಅದೇ ಕ್ಷಣದಲ್ಲಿ ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್ ಬಲಗಡೆಯಿಂದ ಅವರನ್ನು ದಾಟಿ ಹೋದರು. ಆ ಕ್ಷಣವನ್ನು ಕಂಚಿನ ಪ್ರತಿಮೆಯಾಗಿ ಎರಕ ಹೊಯ್ದು ಅದೇ ಊರಿನಲ್ಲಿ ನಿಲ್ಲಿಸಿದ್ದಾರೆ. ತಿರುಗಿ ನೋಡಿದ್ದಕ್ಕೆ ತೆರಬೇಕಾದ ಬೆಲೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಓಟ ಮುಗಿದ ಮೇಲೆ? ಗೆದ್ದವನು ಆಗಲಾದರೂ ಹಿಂದೆ ತಿರುಗಿ ನೋಡಬಹುದಲ್ಲ? ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ಆಗ ಅವರ ಮುಂದೆ ಕ್ಯಾಮೆರಾಗಳಿರುತ್ತವೆ, ಹಾರ ತುರಾಯಿ ಇರುತ್ತವೆ, ಕೈಕುಲುಕಲು ಬಂದ ದೊಡ್ಡವರ ಸಾಲಿರುತ್ತದೆ. ಹೀಗಿದ್ದೂ ತಿರುಗಿ ನೋಡಿದ, ನೋಡಿದ್ದು ಮಾತ್ರವಲ್ಲದೆ ಹಿಂದೆ ಉಳಿದವರಿಗಾಗಿ ಕಾದು ನಿಂತ ಒಬ್ಬ ಓಟಗಾರರಿದ್ದರು. ಯುದ್ಧದಲ್ಲಿ ಕಾಲು ಕಳೆದುಕೊಳ್ಳುವುದರಿಂದ ಕೂದಲೆಳೆಯಲ್ಲಿ ಪಾರಾದ ಸೈನಿಕ. ಹೋಟೆಲಿನಲ್ಲಿ ತಟ್ಟೆ ಲೋಟ ಹೊತ್ತು ಸಂಸಾರ ಸಾಕಿದ ಗೃಹಸ್ಥ. ಮೂವತ್ತೈದು ದಾಟಿದ ಮೇಲೆ ಒಲಿಂಪಿಕ್ ಮ್ಯಾರಥಾನ್ ಗೆದ್ದ ವೀರ. ಅವರ ಹೆಸರು ಅಲೇನ್ ಮಿಮೂನ್. 2013ರ ಜೂನ್ 27ರಂದು ತೊಂಬತ್ತೆರಡನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಫ್ರಾನ್ಸಿನಲ್ಲಿ ಅವರ ಹೆಸರು ಮನೆಮಾತು. ನಮ್ಮ ಕಡೆ ಅವರ ಕಥೆ ಅಷ್ಟಾಗಿ ಬಂದಿಲ್ಲ.

ಸಿಗದ ವಿದ್ಯಾರ್ಥಿವೇತನ

ಮಿಮೂನ್ ಹುಟ್ಟಿದ್ದು 1921ರ ಜನವರಿ 1ರಂದು, ಉತ್ತರ ಆಫ್ರಿಕದ ಅಲ್ಜೀರಿಯದಲ್ಲಿ. ಆಗ ಅಲ್ಜೀರಿಯ ಫ್ರೆಂಚರ ಆಳ್ವಿಕೆಯಲ್ಲಿತ್ತು. ಓರಾನ್ ಪ್ರಾಂತ್ಯದ ತೆಲಾಗ್ ಸೀಮೆಯ ಬಡ ರೈತನ ಮನೆ. ಏಳು ಮಕ್ಕಳಲ್ಲಿ ಇವನೇ ಹಿರಿಯ. ತಂದೆತಾಯಿ ಇಟ್ಟ ಹೆಸರು ಅಲಿ. ಓದಿನಲ್ಲಿ ಹುಡುಗ ಚುರುಕು. ಪ್ರಾಥಮಿಕ ಶಾಲೆಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದು ಪಾಸಾದ. ಮಗ ಮೇಷ್ಟ್ರಾಗಬೇಕೆಂಬುದು ತಾಯಿಯ ಆಸೆ. ಮುಂದೆ ಓದಲು ವಿದ್ಯಾರ್ಥಿವೇತನ ಬೇಕಿತ್ತು. ಅದು ಸಿಗಲಿಲ್ಲ. ಸಿಗುತ್ತಿದ್ದುದು ವಲಸೆ ಬಂದು ನೆಲೆಸಿದ ಫ್ರೆಂಚ್ ಜಮೀನುದಾರರ ಮಕ್ಕಳಿಗೆ ಎಂದು ಮಿಮೂನ್ ಮುಪ್ಪಿನಲ್ಲೂ ನೆನೆದುಕೊಳ್ಳುತ್ತಿದ್ದರು.

ಓದು ನಿಂತ ಹಳ್ಳಿಯ ಹುಡುಗನಿಗೆ ಎಲ್ಲ ದೇಶಗಳಲ್ಲೂ ತೆರೆದಿರುತ್ತಿದ್ದ ಬಾಗಿಲು ಒಂದೇ, ಪಲ್ಟನ್ನು. 1939ರಲ್ಲಿ, ಹದಿನೆಂಟು ತುಂಬುತ್ತಿದ್ದಂತೆ ಅಲಿ ಫ್ರೆಂಚ್ ಸೈನ್ಯಕ್ಕೆ ಸೇರಿದ. ಕೆಲವೇ ತಿಂಗಳುಗಳಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ಬೆಲ್ಜಿಯಮ್ಮಿನ ಗಡಿಯಲ್ಲಿ ನಿಂತಿದ್ದ ಅವನ ಪಡೆ 1940ರ ಬೇಸಿಗೆಯ ಸೋಲಿನ ನಂತರ ದಕ್ಷಿಣಕ್ಕೆ ಸರಿದು ಬೂರ್ಗ್ ಎಂಬ ಊರಿನಲ್ಲಿ ಬಿಡಾರ ಹೂಡಿತು. ಅಲ್ಲಿನ ಮೈದಾನದಲ್ಲಿ ಸ್ಥಳೀಯ ಹುಡುಗರು ಓಟದ ಅಭ್ಯಾಸ ಮಾಡುತ್ತಿದ್ದರು. ಸೋತ ಸೈನ್ಯದ ಈ ಸಿಪಾಯಿ ಅವರ ಜೊತೆ ಸೇರಿ ಓಡತೊಡಗಿದ. ಅಲ್ಲಿಯವರೆಗೆ ಓಟ ಅವನಿಗೆ ಒಂದು ಆಟವೆಂದೇ ಗೊತ್ತಿರಲಿಲ್ಲ.

ಉಳಿದ ಕಾಲು

ಆಟ ಮುಂದುವರಿಯಲು ಯುದ್ಧ ಬಿಡಲಿಲ್ಲ. ಉತ್ತರ ಆಫ್ರಿಕದ ಟ್ಯುನಿಷಿಯದಲ್ಲಿ ಜರ್ಮನರ ವಿರುದ್ಧ ಹೋರಾಡಿದ ಮೇಲೆ ಮಿಮೂನ್ ಸಮುದ್ರ ದಾಟಿ ಇಟಲಿಗೆ ಬಂದರು. ರೋಮ್ ನಗರಕ್ಕೆ ಹೋಗುವ ದಾರಿಯನ್ನು ಕಾಯುವಂತೆ ನಿಂತಿದ್ದ ಮಾಂಟೆ ಕ್ಯಾಸಿನೊ ಬೆಟ್ಟಗಳಲ್ಲಿ ಆಗ ಘೋರ ಕದನ. 1944ರ ಜನವರಿಯಿಂದ ಮೇ ತಿಂಗಳವರೆಗೆ ನಾಲ್ಕು ಸಲ ಅಲ್ಲಿ ದಾಳಿ ನಡೆಯಿತು. ನಮ್ಮ ದೇಶದ ನಾಲ್ಕನೆಯ ಮತ್ತು ಎಂಟನೆಯ ಡಿವಿಷನ್ನುಗಳ ಸಿಪಾಯಿಗಳೂ ಆ ಬೆಟ್ಟಗಳಲ್ಲಿ ರಕ್ತ ಚೆಲ್ಲಿದ್ದಾರೆ. ಫ್ರೆಂಚ್ ಪಡೆಯಲ್ಲಿ ಬಹುಮಂದಿ ಮಿಮೂನರಂತೆ ಉತ್ತರ ಆಫ್ರಿಕದವರು. ಯಾರದೋ ಸಾಮ್ರಾಜ್ಯಕ್ಕಾಗಿ, ಯಾವುದೋ ದೇಶದ ಚಳಿಯಲ್ಲಿ, ಬೇರೆ ಬೇರೆ ಖಂಡಗಳ ಬಡ ರೈತರ ಮಕ್ಕಳು ಕೆಸರಿನಲ್ಲಿ ಹೊರಳಿದ ಯುದ್ಧವದು.

ಮೊದಲನೆಯ ದಾಳಿಯಲ್ಲೇ, ಜನವರಿ ಕೊನೆಯ ದಿನಗಳಲ್ಲಿ, ಫಿರಂಗಿ ಗುಂಡೊಂದು ಸಿಡಿದು ಅದರ ಚೂರುಗಳು ಮಿಮೂನರ ಎಡಗಾಲಿಗೆ ಹೊಕ್ಕವು. ಹೊತ್ತು ತಂದವರಿಗೂ ನೋಡಿದ ವೈದ್ಯರಿಗೂ ತೋಚಿದ ದಾರಿ ಒಂದೇ, ಕಾಲನ್ನು ಕತ್ತರಿಸುವುದು.

ಇದರಲ್ಲಿ ವೈದ್ಯರ ನಿರ್ದಯೆಯೇನೂ ಇಲ್ಲ. ಗುಂಡಿನ ಚೂರು ಒಂಟಿಯಾಗಿ ಮೈಯೊಳಗೆ ಹೋಗುವುದಿಲ್ಲ. ತನ್ನೊಂದಿಗೆ ಮಣ್ಣು, ಬಟ್ಟೆಯ ಎಳೆ, ಕೊಳೆ ಎಲ್ಲವನ್ನೂ ಒಯ್ಯುತ್ತದೆ. ಹೊಲದ ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಗಳಿಗೆ ಗಾಳಿಯೇ ಬೇಕಿಲ್ಲ. ಜಜ್ಜಿ ಹೋಗಿ ರಕ್ತದ ಓಡಾಟ ನಿಂತ ಮಾಂಸದಲ್ಲಿ ಅವು ಹುಲುಸಾಗಿ ಬೆಳೆದು ವಿಷ ಕಾರುತ್ತವೆ. ಕಾಲು ಕೊಳೆಯತೊಡಗಿತೆಂದರೆ ಕೆಲವು ಗಂಟೆಗಳಲ್ಲಿ ಜೀವಕ್ಕೇ ಸಂಚಕಾರ. ಪೆನಿಸಿಲಿನ್ ಆಗಷ್ಟೇ ರಣರಂಗಕ್ಕೆ ಬರುತ್ತಿದ್ದ ಕಾಲ. ‘ಕಾಲು ಹೋದರೆ ಹೋಗಲಿ, ಜೀವ ಉಳಿಯಲಿ’ ಎಂಬುದೇ ಯುದ್ಧದ ಆಸ್ಪತ್ರೆಗಳ ನಿತ್ಯದ ಲೆಕ್ಕಾಚಾರವಾಗಿತ್ತು.

ಮಿಮೂನರನ್ನು ನೇಪಲ್ಸಿನ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿದ್ದ ಫ್ರೆಂಚ್ ಶಸ್ತ್ರವೈದ್ಯರೊಬ್ಬರು ಕತ್ತರಿಸುವುದನ್ನು ಬಿಟ್ಟು, ತಾಳ್ಮೆಯಿಂದ ಚೂರುಗಳನ್ನು ಹೊರಗೆ ತೆಗೆದು, ಕಾಲನ್ನು ಉಳಿಸಿಕೊಟ್ಟರು. ಮುಂದೆ ಹನ್ನೆರಡು ವರ್ಷಗಳ ಬಳಿಕ ಜಗತ್ತು ಮೆಲ್ಬರ್ನಿನಲ್ಲಿ ನೋಡಿದ್ದು ಆ ಕಾಲಿನ ಓಟವನ್ನು. ಪದಕಗಳ ಪಟ್ಟಿಯಲ್ಲಿ ಓಟಗಾರನ ಹೆಸರಿರುತ್ತದೆ, ದೇಶದ ಹೆಸರಿರುತ್ತದೆ. ಒಂದು ಕಾಲಿಗಾಗಿ ಅರ್ಧ ಗಂಟೆ ಹೆಚ್ಚು ಯೋಚಿಸಿದ ವೈದ್ಯರ ಹೆಸರಿಗೆ ಅಲ್ಲಿ ಜಾಗವಿಲ್ಲ.

ಬೆಳಿಗ್ಗೆ ಓಟ, ಹಗಲೆಲ್ಲ ನಿಲುವು

ಯುದ್ಧ ಮುಗಿದ ಮೇಲೆ ಸೈನ್ಯದಿಂದ ಹೊರಬಂದ ಮಿಮೂನ್ ಪ್ಯಾರಿಸ್ ಸೇರಿದರು. ದೊಡ್ಡ ಕ್ರೀಡಾ ಸಂಸ್ಥೆಯೊಂದು ಅವರನ್ನು ತನ್ನ ಪರವಾಗಿ ಓಡಲು ಕರೆಯಿತು. ಹೊಟ್ಟೆಪಾಡಿಗೆ ತನ್ನ ಕ್ಲಬ್ಬಿನ ಕೆಫೆಯಲ್ಲೇ ಕೆಲಸ ಕೊಟ್ಟಿತು. ಮೇಜಿನಿಂದ ಮೇಜಿಗೆ ತಿಂಡಿ ಪಾನೀಯ ಒಯ್ದು ಕೊಡುವ ಮಾಣಿಯ ಕೆಲಸ.

ಇಂದಿನ ಓಟಗಾರರನ್ನು ನೋಡುವವರಿಗೆ ಇದು ವಿಚಿತ್ರವೆನಿಸಬಹುದು. ಆಗಿನ ಒಲಿಂಪಿಕ್ ನಿಯಮಗಳೇ ಹಾಗಿದ್ದವು. ಓಟದಿಂದ ದುಡ್ಡು ಮುಟ್ಟಿದವನು ‘ವೃತ್ತಿಪರ’, ಅವನಿಗೆ ಒಲಿಂಪಿಕ್ಸಿನಲ್ಲಿ ಪ್ರವೇಶವಿಲ್ಲ. ಉಳ್ಳವರಿಗೆ ಈ ನಿಯಮ ಒಂದು ಆದರ್ಶ, ಇಲ್ಲದವರಿಗೆ ಒಂದು ಗೋಡೆ. ಸೂರ್ಯ ಮೂಡುವ ಮೊದಲೇ ಎದ್ದು ಮೈಲಿಗಟ್ಟಲೆ ಓಡುವುದು, ಆಮೇಲೆ ದಿನವಿಡೀ ಕಾಲ ಮೇಲೆ ನಿಂತು ತಟ್ಟೆ ಹೊರುವುದು, ಸಂಜೆ ಪುಟ್ಟ ಬಾಡಿಗೆ ಮನೆಗೆ ಮರಳುವುದು. ವಿಶ್ರಾಂತಿಯೂ ಅಭ್ಯಾಸದ ಒಂದು ಭಾಗ ಎಂದು ದೇಹವಿಜ್ಞಾನ ಹೇಳುತ್ತದೆ. ಓಡಿದಾಗ ಸವೆದ ಸ್ನಾಯುಗಳು ದುರಸ್ತಿಯಾಗುವುದು ಓಡುವಾಗಲ್ಲ, ಮಲಗಿದಾಗ. ಆ ಭಾಗ್ಯ ಮಿಮೂನರಿಗೆ ಪೂರ್ತಿಯಾಗಿ ಎಂದೂ ಸಿಗಲಿಲ್ಲ.

ಮೇಲಾಗಿ, ಅವರು ಓಡಿದ ಕಾಲದಲ್ಲೇ ಚೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್ ಕೂಡ ಓಡುತ್ತಿದ್ದರು. ಅವರೂ ಸೈನ್ಯದವರು. ಮುಖ ಕಿವುಚಿ, ತಲೆ ಅಲ್ಲಾಡಿಸಿ, ಈಗಲೋ ಆಗಲೋ ಬೀಳುವವರಂತೆ ಓಡುತ್ತ ಎಲ್ಲರನ್ನೂ ಹಿಂದಿಕ್ಕುತ್ತಿದ್ದ ಅಸಾಮಾನ್ಯ ಓಟಗಾರ. 1948ರ ಲಂಡನ್ ಒಲಿಂಪಿಕ್ಸಿನ 10,000 ಮೀಟರ್ ಓಟದಲ್ಲಿ ಝಾಟೊಪೆಕ್ ಮೊದಲನೆಯವರು, ಮಿಮೂನ್ ಎರಡನೆಯವರು. 1950ರಲ್ಲಿ ಬ್ರಸೆಲ್ಸಿನಲ್ಲಿ ನಡೆದ ಯುರೋಪಿನ ಚಾಂಪಿಯನ್‌ಶಿಪ್‌ನಲ್ಲಿ 5,000 ಮೀಟರ್‌ನಲ್ಲೂ 10,000 ಮೀಟರ್‌ನಲ್ಲೂ ಅದೇ ಕ್ರಮ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಮತ್ತೆ ಎರಡೂ ಓಟಗಳಲ್ಲಿ ಅದೇ ಕ್ರಮ. ಹೆಲ್ಸಿಂಕಿಯ 5,000 ಮೀಟರ್ ಓಟದಲ್ಲಿ ಇಬ್ಬರ ನಡುವಿನ ಅಂತರ ಒಂದು ಸೆಕೆಂಡೂ ಇರಲಿಲ್ಲ: 14 ನಿಮಿಷ 6.6 ಸೆಕೆಂಡು ಒಬ್ಬರದು, 14 ನಿಮಿಷ 7.4 ಸೆಕೆಂಡು ಇನ್ನೊಬ್ಬರದು.

ಗುಡ್ಡಗಾಡು, ಹೊಲಗದ್ದೆಗಳ ಮೇಲೆ ಓಡುವ ಕ್ರಾಸ್ ಕಂಟ್ರಿಯಲ್ಲಿ ಮಿಮೂನ್ ನಾಲ್ಕು ಸಲ, ಅಂದರೆ 1949, 1952, 1954 ಮತ್ತು 1956ರಲ್ಲಿ, ಅಂತರರಾಷ್ಟ್ರೀಯ ಚಾಂಪಿಯನ್ ಆದರು. ಆದರೂ ಪತ್ರಿಕೆಗಳು ಅವರಿಗೆ ಇಟ್ಟ ಅಡ್ಡಹೆಸರು ‘ಝಾಟೊಪೆಕ್‌ನ ನೆರಳು’. ನೆರಳೆಂದು ಕರೆಸಿಕೊಳ್ಳುವುದು ಯಾರಿಗೂ ಹಿತವಲ್ಲ. ಒಂದು ತರಗತಿಯಲ್ಲಿ ವರ್ಷಾನುವರ್ಷ ಎರಡನೆಯ ಸ್ಥಾನಕ್ಕೇ ನಿಲ್ಲುವ ವಿದ್ಯಾರ್ಥಿಯ ಮನಸ್ಸು ಮನೆಯವರಿಗೆ ಗೊತ್ತು. ಮೊದಲ ಸ್ಥಾನದವನ ಮೇಲೆ ಮತ್ಸರ ಹುಟ್ಟಬಹುದು. ಇಲ್ಲವೇ ಓದುವುದನ್ನೇ ಬಿಡಬಹುದು. ಮಿಮೂನರಲ್ಲಿ ಎರಡೂ ಆಗಲಿಲ್ಲ. ಇಬ್ಬರೂ ಸ್ನೇಹಿತರಾದರು. ಎರಡನೆಯವರು ಮೊದಲನೆಯವರನ್ನು ಮೆಚ್ಚುತ್ತಲೇ ಅವರನ್ನು ಹಿಡಿಯುವ ಹಟವನ್ನೂ ಬಿಡಲಿಲ್ಲ.

ಆ ಹೊತ್ತಿಗೆ ದೇಹ ಕೈಕೊಟ್ಟಿತು. ಸೊಂಟದಿಂದ ಪಾದದವರೆಗೆ ಹರಿಯುವ, ದೇಹದಲ್ಲೇ ಅತಿ ದಪ್ಪವಾದ ನರದ ನೋವು. ಡಾಕ್ಟರರು ಅದನ್ನು ಸಯಾಟಿಕಾ ಎನ್ನುತ್ತಾರೆ. ಓಡುವುದಿರಲಿ, ನಡೆಯುವುದೇ ಕಷ್ಟವಾಯಿತು. ಮುಂದೆ ಅವರು ಲಿಸ್ಯೂ ಎಂಬ ಊರಿನ ಸಂತ ತೆರೇಸಾಳ ಕ್ಷೇತ್ರಕ್ಕೆ ಯಾತ್ರೆ ಹೋಗಿ ಬಂದರು; ಕ್ರೈಸ್ತ ಮತಕ್ಕೆ ಸೇರಿದರು. ತಾವು ಗುಣವಾದದ್ದು ಆ ಸಂತಳ ಕೃಪೆಯಿಂದ ಎಂದು ಕೊನೆಯವರೆಗೂ ನಂಬಿದ್ದರು. ಈ ನರದ ನೋವು ಬಹಳಷ್ಟು ಮಂದಿಗೆ ಕಾಲಕ್ರಮದಲ್ಲಿ ತಾನಾಗಿ ಇಳಿಯುತ್ತದೆ ಎಂಬುದೂ ನಿಜ. ನಂಬಿಕೆ ಅವರದು, ಮತ್ತೆ ಓಡಿದ ಕಾಲೂ ಅವರದೇ. ಅಲಿ ಎಂಬ ಹೆಸರಿನ ಜಾಗದಲ್ಲಿ ಅಲೇನ್ ಎಂಬ ಹೆಸರು ನೆಲೆಯಾಯಿತು.

ಎರಡೂವರೆ ಗಂಟೆಗೆ ಐದು ನಿಮಿಷ ಕಡಿಮೆ

1956ರ ಒಲಿಂಪಿಕ್ಸ್ ನಡೆದದ್ದು ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ. ಭೂಮಿಯ ದಕ್ಷಿಣಾರ್ಧದಲ್ಲಿ ಋತುಗಳು ನಮಗೆ ತದ್ವಿರುದ್ಧ. ಆದ್ದರಿಂದ ಕ್ರೀಡೆಗಳನ್ನು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಇಟ್ಟುಕೊಂಡಿದ್ದರು. ಪ್ಯಾರಿಸ್ಸಿನಲ್ಲಿ ಆಗ ಚಳಿ, ಮೆಲ್ಬರ್ನಿನಲ್ಲಿ ಸೆಕೆ. ಮಿಮೂನರ ಪತ್ನಿ ತುಂಬು ಗರ್ಭಿಣಿ. ಆಕೆಯನ್ನು ಬಿಟ್ಟು ಪ್ರಪಂಚದ ಇನ್ನೊಂದು ತುದಿಗೆ ಬಂದಿದ್ದರು.

10,000 ಮೀಟರ್ ಓಟದಲ್ಲಿ ಅವರಿಗೆ ಸಿಕ್ಕಿದ್ದು ಹನ್ನೆರಡನೆಯ ಸ್ಥಾನ. ಇನ್ನೊಂದು ತಿಂಗಳು ಕಳೆದರೆ ಮೂವತ್ತಾರು ತುಂಬುವ ಓಟಗಾರನ ಕಥೆ ಮುಗಿಯಿತೆಂದೇ ಹಲವರು ಎಣಿಸಿದರು. ಉಳಿದದ್ದು ಮ್ಯಾರಥಾನ್ ಒಂದೇ. ಅದನ್ನು ಅವರು ಆವರೆಗೆ ಒಮ್ಮೆಯೂ ಓಡಿರಲಿಲ್ಲ.

ಓಟದ ಹಿಂದಿನ ದಿನ ಮನೆಯಿಂದ ಸುದ್ದಿ ಬಂತು, ಹೆಣ್ಣು ಮಗು ಹುಟ್ಟಿದೆ, ತಾಯಿ ಮಗು ಕ್ಷೇಮ. ಗಂಡಸರು ದೂರದ ದುಡಿಮೆಗೆ ಹೋಗಿರುವ ಮನೆಗಳಲ್ಲಿ ಇಂಥ ತಂತಿಯ ಬೆಲೆ ಏನೆಂದು ಹಿರಿಯರಿಗೆ ಗೊತ್ತು. ಬರುವುದಕ್ಕೆ ಮುಂಚಿನ ಕಳವಳವೆಷ್ಟು, ಓದಿದ ಮೇಲಿನ ನಿರಾಳವೆಷ್ಟು! ಆ ಮಗುವಿಗೆ ಮುಂದೆ ಇಟ್ಟ ಹೆಸರು ಒಲಿಂಪ್. ಮಾರನೆಯ ದಿನ ಸಿಕ್ಕ ಎದೆಯ ಮೇಲಿನ ನಂಬರು 13. ಪಾಶ್ಚಾತ್ಯರಿಗೆ ಅದು ಅಪಶಕುನದ ಸಂಖ್ಯೆ. ಮಗಳು ಹುಟ್ಟಿದ ಸಂತೋಷದಲ್ಲಿದ್ದ ತಂದೆಗೆ ಅದು ಅದೃಷ್ಟದ ಸಂಖ್ಯೆಯಾಗಿ ಕಂಡಿತು!

ಅವರು ಇನ್ನೊಂದು ಲೆಕ್ಕವನ್ನೂ ಹಾಕಿಕೊಂಡಿದ್ದರು. ಫ್ರಾನ್ಸಿನ ಪರವಾಗಿ ಒಲಿಂಪಿಕ್ ಮ್ಯಾರಥಾನನ್ನು 1900ರಲ್ಲಿ ಒಬ್ಬರು ಗೆದ್ದಿದ್ದರು, ಇಪ್ಪತ್ತೆಂಟು ವರ್ಷ ಕಳೆದು 1928ರಲ್ಲಿ ಇನ್ನೊಬ್ಬರು. ಅಲ್ಲಿಂದ ಇಪ್ಪತ್ತೆಂಟು ಕೂಡಿದರೆ 1956! ಇಂಥ ಲೆಕ್ಕಗಳಲ್ಲಿ ಗಣಿತವಿರುತ್ತದೆಯೇ ಹೊರತು ಕಾರಣವಿರುವುದಿಲ್ಲ. ಮತ್ತೆ ಇಪ್ಪತ್ತೆಂಟು ವರ್ಷ ಕಳೆದು ಬಂದ 1984ರ ಮ್ಯಾರಥಾನನ್ನು ಗೆದ್ದವರು ಪೋರ್ಚುಗಲ್ಲಿನ ಕಾರ್ಲೋಸ್ ಲೋಪೆಸ್. ಆದರೆ ಓಟಕ್ಕೆ ನಿಂತವನ ಮನಸ್ಸಿಗೆ ಒಂದು ಊರುಗೋಲು ಬೇಕು. ಅದು ಸಂಖ್ಯೆಯದಾದರೂ ಸರಿ, ಸಂತಳದಾದರೂ ಸರಿ, ಮಗಳದಾದರೂ ಸರಿ.

1956ರ ಡಿಸೆಂಬರ್ 1. ನಲವತ್ತಾರು ಓಟಗಾರರು ಮೆಲ್ಬರ್ನಿನ ಪ್ರಸಿದ್ಧ ಕ್ರಿಕೆಟ್ ಮೈದಾನದಲ್ಲಿ ಸಾಲಾಗಿ ನಿಂತರು. ನೂರು ಮೀಟರ್ ಓಟದಲ್ಲಿ ಆಗುವಂತೆ, ಯಾರೋ ಆತುರಪಟ್ಟು ಮುನ್ನುಗ್ಗಿದ್ದರಿಂದ ಎಲ್ಲರನ್ನೂ ಮತ್ತೆ ಕರೆದು ನಿಲ್ಲಿಸಬೇಕಾಯಿತು. 42 ಕಿಲೋಮೀಟರ್ ದೂರದ ಓಟದಲ್ಲಿ ಅರ್ಧ ಸೆಕೆಂಡಿನ ಆತುರ! ಆಮೇಲೆ ಓಟ ಸಾಗಿತು. ಊರಾಚೆಯ ಕ್ಲೇಟನ್‌ವರೆಗೆ ಹೋಗಿ ಅದೇ ರಸ್ತೆಯಲ್ಲಿ ಹಿಂತಿರುಗುವ ದಾರಿ. ಅರ್ಧ ದಾರಿ ದಾಟುವ ಹೊತ್ತಿಗೆ ಮಿಮೂನ್ ಎಲ್ಲರಿಗಿಂತ ಮುಂದಿದ್ದರು. ಇನ್ನುಳಿದ ದಾರಿಯನ್ನು ಒಬ್ಬರೇ ಓಡಬೇಕು.

ಮ್ಯಾರಥಾನಿನ ಕಷ್ಟ ಏನೆಂದು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಓಡುವವನ ದೇಹ ಒಂದು ಎಂಜಿನ್ನು. ಪ್ರತಿ ಕಿಲೋಗ್ರಾಮ್ ತೂಕವನ್ನು ಒಂದು ಕಿಲೋಮೀಟರ್ ಸಾಗಿಸಲು ಸುಮಾರು ಒಂದು ಕಿಲೋಕ್ಯಾಲರಿ ಶಕ್ತಿ ಬೇಕು. ಐವತ್ತೈದು ಕಿಲೋ ತೂಗುವವನು 42 ಕಿಲೋಮೀಟರ್ ಓಡಬೇಕಾದರೆ ಹತ್ತಿರ ಹತ್ತಿರ 2,300 ಕಿಲೋಕ್ಯಾಲರಿ. ಸ್ನಾಯುಗಳಲ್ಲೂ ಪಿತ್ತಜನಕಾಂಗದಲ್ಲೂ ಗ್ಲೈಕೋಜೆನ್ ಎಂಬ ರೂಪದಲ್ಲಿ ಕೂಡಿಟ್ಟ ಸಕ್ಕರೆ ಅಷ್ಟಕ್ಕೆ ಸಾಲುವುದಿಲ್ಲ. ಮೂವತ್ತನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಆ ಉಗ್ರಾಣ ಬರಿದಾಗುತ್ತದೆ. ದೇಹ ಕೊಬ್ಬನ್ನು ಉರಿಸಬಲ್ಲದು, ಆದರೆ ಅದು ಒದ್ದೆ ಸೌದೆಯ ಒಲೆಯ ಹಾಗೆ ನಿಧಾನ. ಕಾಲು ಸೀಸದಂತೆ ಭಾರವಾಗುತ್ತದೆ, ತಲೆ ತಿರುಗುತ್ತದೆ. ಇದರ ಮೇಲೆ ಬಿಸಿಲು. ಉರಿಸಿದ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಕಡಿಮೆಯಷ್ಟೇ ಓಟಕ್ಕೆ ಒದಗುತ್ತದೆ; ಉಳಿದದ್ದೆಲ್ಲ ಮೈಯ ಕಾವಾಗಿ ಮಾರ್ಪಟ್ಟು ಬೆವರಿನ ಮೂಲಕ ಹೊರಹೋಗಬೇಕು.

ಮಿಮೂನ್ ಬಿಸಿಲಿಗೆಂದು ತಲೆಯ ಮೇಲೆ ಬಿಳಿಯ ಕರವಸ್ತ್ರ ಕಟ್ಟಿಕೊಂಡಿದ್ದರು. ಕಡೆಯ ಕಿಲೋಮೀಟರುಗಳಲ್ಲಿ ಆ ತುಂಡು ಬಟ್ಟೆಯೂ ಮಣಭಾರವೆನಿಸಿ ಕಿತ್ತೆಸೆದರಂತೆ. ಗುಂಡಿನ ಚೂರುಗಳು ಹೊಕ್ಕಿದ್ದ ಎಡಗಾಲು ಬಲಗಾಲಿನ ಸಮಕ್ಕೆ ಸಾಗಿತು. ಕ್ರೀಡಾಂಗಣವನ್ನು ಒಬ್ಬರೇ ಹೊಕ್ಕು ಗುರಿ ಮುಟ್ಟಿದಾಗ ಗಡಿಯಾರ ತೋರಿಸಿದ್ದು ಸರಿಯಾಗಿ 2 ಗಂಟೆ 25 ನಿಮಿಷ. ಪ್ರತಿ ಕಿಲೋಮೀಟರಿಗೆ 3 ನಿಮಿಷ 26 ಸೆಕೆಂಡು. 400 ಮೀಟರ್ ಸುತ್ತಳತೆಯ ಮೈದಾನದಲ್ಲಾದರೆ, ಪ್ರತಿ ಸುತ್ತಿಗೆ ಎಂಬತ್ತೆರಡೂವರೆ ಸೆಕೆಂಡಿನಂತೆ ನೂರೈದೂವರೆ ಸುತ್ತು! ಒಂದೂವರೆ ನಿಮಿಷ ಕಳೆದ ಮೇಲೆ ಯುಗೊಸ್ಲಾವಿಯದ ಮಿಹಾಲಿಚ್ ಎರಡನೆಯವರಾಗಿ, ಅವರ ಹಿಂದೆ ಫಿನ್ಲೆಂಡಿನ ಕಾರ್ವೊನೆನ್ ಮೂರನೆಯವರಾಗಿ ಬಂದರು.

ನಾಲ್ಕೂವರೆ ನಿಮಿಷ

ಗೆದ್ದವರು ಮೈದಾನದಿಂದ ಹೊರಗೆ ಹೋಗಲಿಲ್ಲ. ಸುತ್ತ ಮುತ್ತಿದ ಛಾಯಾಗ್ರಾಹಕರನ್ನು ಬಿಟ್ಟು ಕ್ರೀಡಾಂಗಣದ ಬಾಗಿಲ ಕಡೆ ನೋಡುತ್ತ ನಿಂತರು. ನಾಲ್ಕನೆಯವರು ಬಂದರು, ಐದನೆಯವರು ಬಂದರು. ಅವರು ಕಾಯುತ್ತಿದ್ದುದು ಝಾಟೊಪೆಕ್ ಅವರನ್ನು.

ಹೆಲ್ಸಿಂಕಿಯಲ್ಲಿ ಮೂರು ಚಿನ್ನ ಗೆದ್ದಿದ್ದ ಆ ಮಹಾನುಭಾವರು ಮೆಲ್ಬರ್ನಿಗೆ ಬರುವ ಕೆಲವೇ ವಾರಗಳ ಮೊದಲು ಹರ್ನಿಯಾ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗೆಲ್ಲುವ ಆಸೆ ಅವರಿಗೂ ಇದ್ದಿರಲಾರದು. 2 ಗಂಟೆ 29 ನಿಮಿಷ 34 ಸೆಕೆಂಡಿಗೆ, ಆರನೆಯವರಾಗಿ, ತೂರಾಡುತ್ತ ಗುರಿ ಮುಟ್ಟಿದರು. ಮಿಮೂನ್ ಅವರ ಬಳಿಗೆ ಹೋಗಿ, ‘ಎಮಿಲ್, ನನ್ನನ್ನು ಅಭಿನಂದಿಸುವುದಿಲ್ಲವೇ? ನಾನು ಗೆದ್ದೆ’ ಎಂಬರ್ಥದ ಮಾತಾಡಿದರು. ಬಳಲಿ ಮಂಕಾಗಿದ್ದ ಝಾಟೊಪೆಕ್ ಒಂದು ಕ್ಷಣ ನೋಡಿದರು. ಆಮೇಲೆ ಸೆಟೆದು ನಿಂತು, ತಲೆಯ ಟೋಪಿ ತೆಗೆದು, ಸೈನಿಕನು ಸೈನಿಕನಿಗೆ ಮಾಡುವಂತೆ ಸಲ್ಯೂಟ್ ಹೊಡೆದರು, ಬಳಿಕ ಅಪ್ಪಿಕೊಂಡರು. ಕೊರಳಿಗೆ ಬಿದ್ದ ಚಿನ್ನಕ್ಕಿಂತ ತಮಗೆ ಆ ಅಪ್ಪುಗೆಯೇ ದೊಡ್ಡದಾಗಿತ್ತೆಂದು ಮಿಮೂನ್ ಜೀವಮಾನವಿಡೀ ಹೇಳಿಕೊಂಡು ಬಂದರು.

ಲೆಕ್ಕ ಹಾಕಿದರೆ ಅವರು ಕಾದದ್ದು ನಾಲ್ಕೂವರೆ ನಿಮಿಷ. ಎಂಟು ವರ್ಷ ಅವರ ಬೆನ್ನಟ್ಟಿ ಓಡಿದವರು ನಾಲ್ಕೂವರೆ ನಿಮಿಷ ಅವರಿಗಾಗಿ ನಿಂತರು. ತನ್ನನ್ನು ಸೋಲಿಸುತ್ತಿದ್ದವರು ಹಿಂದೆ ಬೀಳುವುದನ್ನು ನೋಡಿ ಹಿಗ್ಗಲು ನಿಂತವರಾದರೆ ಸಲ್ಯೂಟ್ ಸಿಗುತ್ತಿರಲಿಲ್ಲ. ತಾನು ಯಾರನ್ನು ನೋಡಿ ಓಡಲು ಕಲಿತೆನೋ ಅವರು ಒಪ್ಪದೆ ಈ ಗೆಲುವು ಪೂರ್ತಿಯಾಗದು ಎಂದು ಮಿಮೂನರಿಗೆ ಅನ್ನಿಸಿರಬೇಕು.

ಅರಮನೆಗೆ ಹೋದ ಇನ್ನೊಬ್ಬ ಅತಿಥಿ

ಅವರು ತಿರುಗಿ ನೋಡಿದ ಇನ್ನೊಂದು ಪ್ರಸಂಗ ಅಷ್ಟು ಪ್ರಸಿದ್ಧವಲ್ಲ. 1928ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಫ್ರಾನ್ಸಿಗೆ ಮ್ಯಾರಥಾನ್ ಚಿನ್ನ ತಂದವರ ಹೆಸರು ಬುಗೇರಾ ಎಲ್ ವಾಫಿ. ಅವರೂ ಅಲ್ಜೀರಿಯದವರು, ಅವರೂ ಫ್ರೆಂಚ್ ಪಲ್ಟನ್ನಿನಲ್ಲಿದ್ದವರು. ಗೆಲ್ಲುವಾಗ ಪ್ಯಾರಿಸ್ಸಿನ ಕಾರು ಕಾರ್ಖಾನೆಯೊಂದರಲ್ಲಿ ಕೆಲಸಗಾರ. ಗೆದ್ದ ಮೇಲೆ ಅಮೆರಿಕಕ್ಕೆ ಹೋಗಿ ಹಣಕ್ಕಾಗಿ ಓಡಿದರೆಂಬ ಕಾರಣಕ್ಕೆ ಹವ್ಯಾಸಿ ಓಟಗಾರರ ಪಟ್ಟಿಯಿಂದ ಅವರ ಹೆಸರು ಹೊಡೆದುಹೋಯಿತು. ಕ್ರಮೇಣ ದುಡ್ಡೂ ಹೋಯಿತು, ಜನರ ನೆನಪಿನಿಂದ ಹೆಸರೂ ಹೋಯಿತು. ಮೆಲ್ಬರ್ನಿನ ಗೆಲುವಿನ ಸುದ್ದಿಯಿಂದಾಗಿ ಪತ್ರಿಕೆಯವರು ‘ಹಿಂದೆ ಗೆದ್ದವನು ಎಲ್ಲಿದ್ದಾನೆ’ ಎಂದು ಹುಡುಕಿಕೊಂಡು ಹೋದಾಗ ಅವರು ಪ್ಯಾರಿಸ್ಸಿನಲ್ಲೇ ಕಡುಬಡತನದಲ್ಲಿದ್ದರು.

ಫ್ರಾನ್ಸಿನ ಅಧ್ಯಕ್ಷ ರೆನೆ ಕೋಟಿ ಅವರು ಒಲಿಂಪಿಕ್ ವಿಜೇತನಿಗೆ ತಮ್ಮ ಅರಮನೆಯಲ್ಲಿ ಸತ್ಕಾರ ಏರ್ಪಡಿಸಿದರು. ಮಿಮೂನ್ ಒಬ್ಬರೇ ಹೋಗಲಿಲ್ಲ. ಎಲ್ ವಾಫಿಯವರನ್ನು ಜೊತೆಗೆ ಕರೆದುಕೊಂಡು ಹೋದರು. ಇಪ್ಪತ್ತೆಂಟು ವರ್ಷ ಯಾರೂ ತಿರುಗಿ ನೋಡದಿದ್ದ ಮುದುಕರು ಅಂದು ಅಧ್ಯಕ್ಷರ ಮುಂದೆ ನಿಂತರು.

ಆ ದಿನಗಳು ಎಂಥವೆಂಬುದನ್ನು ಮರೆಯಬಾರದು. 1954ರ ನವೆಂಬರಿನಿಂದ ಅಲ್ಜೀರಿಯದಲ್ಲಿ ಸ್ವಾತಂತ್ರ್ಯಕ್ಕಾಗಿ ಯುದ್ಧ ನಡೆದಿತ್ತು. ಅದು ಮುಗಿದದ್ದು 1962ರಲ್ಲಿ. ಅತ್ತ ಫ್ರೆಂಚರು ಅಲ್ಜೀರಿಯದವರನ್ನು ಸಂಶಯದಿಂದ ನೋಡುತ್ತಿದ್ದರು, ಇತ್ತ ಫ್ರಾನ್ಸಿನ ಬಾವುಟ ಹಿಡಿದವನನ್ನು ಅಲ್ಜೀರಿಯದ ಹೋರಾಟಗಾರರು ತಮ್ಮವನೆಂದು ಒಪ್ಪುತ್ತಿರಲಿಲ್ಲ. 1958ರಲ್ಲಿ ಫ್ರಾನ್ಸಿನಲ್ಲಿ ಆಡುತ್ತಿದ್ದ ಹೆಸರಾಂತ ಅಲ್ಜೀರಿಯನ್ ಫುಟ್‌ಬಾಲ್ ಆಟಗಾರರು ಗುಟ್ಟಾಗಿ ದೇಶ ಬಿಟ್ಟು ಹೋರಾಟಗಾರರ ತಂಡ ಕಟ್ಟಿದರು. ಮಿಮೂನ್ ಆ ದಾರಿ ಹಿಡಿಯಲಿಲ್ಲ. ತಾನು ಫ್ರೆಂಚನೆಂದೇ ಹೇಳಿಕೊಂಡರು. ಆ ಆಯ್ಕೆ ಸರಿಯೇ ತಪ್ಪೇ ಎಂದು ತೀರ್ಪು ಕೊಡುವುದು ದೂರದಲ್ಲಿದ್ದವರಿಗೆ ಸುಲಭ. ವಿದ್ಯಾರ್ಥಿವೇತನ ಕೊಡದ ಸರಕಾರಕ್ಕಾಗಿಯೇ ಏಳು ವರ್ಷ ಬಂದೂಕು ಹಿಡಿದು, ರಕ್ತ ಕೊಟ್ಟು, ಅಲ್ಲೇ ಹೆಂಡತಿ ಮಕ್ಕಳೊಂದಿಗೆ ಬೇರೂರಿದವರ ಲೆಕ್ಕವೇ ಬೇರೆ. ಎರಡು ದಂಡೆಗಳ ನಡುವೆ ಸಿಕ್ಕಿದ ಅಂಥವರಿಗೆ ತಮ್ಮಂಥ ಇನ್ನೊಬ್ಬರ ಕಷ್ಟ ಬೇಗ ಕಾಣುತ್ತದೆ. ಎಲ್ ವಾಫಿಯವರ ಭುಜದ ಮೇಲೆ ಕೈಯಿಟ್ಟವರಿಗೆ, ಚಪ್ಪಾಳೆ ನಿಂತ ಮೇಲೆ ತನ್ನ ಗತಿ ಏನಾಗಬಹುದಿತ್ತು ಎಂಬುದು ಚೆನ್ನಾಗಿ ಗೊತ್ತಿತ್ತು. ಎಲ್ ವಾಫಿ 1959ರ ಅಕ್ಟೋಬರಿನಲ್ಲಿ ಗುಂಡೇಟಿಗೆ ಬಲಿಯಾದರು. ಅರಮನೆಯ ಆ ಒಂದು ದಿನ ಸಿಗದೆ ಹೋಗಿದ್ದರೆ, ಅವರ ಬಾಳಿನ ಕೊನೆಯ ಅಧ್ಯಾಯದಲ್ಲಿ ಸಂತೋಷದ ಪುಟವೇ ಇರುತ್ತಿರಲಿಲ್ಲ.

ಮುಂದಿನ ಐವತ್ತು ವರ್ಷ

ಗೆಲುವಿನ ನಂತರದ ಬಾಳು ಗೆಲುವಿಗಿಂತ ಉದ್ದ. ಮಿಮೂನರ ಮುಂದಿನ ಐವತ್ತಾರು ವರ್ಷಗಳಲ್ಲಿ ಅಬ್ಬರವಿಲ್ಲ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿ ಮೂವತ್ತನಾಲ್ಕನೆಯವರಾದರು. ಅದನ್ನು ಗೆದ್ದವರು ಬರಿಗಾಲಿನಲ್ಲಿ ಓಡಿದ ಇಥಿಯೋಪಿಯದ ಸೈನಿಕ ಅಬೆಬೆ ಬಿಕಿಲಾ. 1966ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಮಿಮೂನ್ ಮತ್ತೊಮ್ಮೆ ಫ್ರಾನ್ಸಿನ ಮ್ಯಾರಥಾನ್ ಚಾಂಪಿಯನ್ ಆದರು. ದೇಶದ ಚಾಂಪಿಯನ್ ಪಟ್ಟಗಳು ಎಲ್ಲ ಸೇರಿ ಮೂವತ್ತೆರಡು. ಪ್ಯಾರಿಸ್ಸಿನ ಪೂರ್ವಕ್ಕಿರುವ ಶಾಂಪಿನ್ಯಿ ಎಂಬಲ್ಲಿ ಹೆಂಡತಿ ಮಗಳೊಂದಿಗೆ ಸಂಸಾರ. ಮುಪ್ಪಿನಲ್ಲೂ ದಿನಾ ಬೆಳಿಗ್ಗೆ ಓಟ. ಫ್ರಾನ್ಸಿನ ನಡುನಾಡಿನ ಬ್ಯೂಜಾ ಎಂಬ ಹಳ್ಳಿಯಲ್ಲಿ ಮಕ್ಕಳಿಗಾಗಿ, ಯುವಕರಿಗಾಗಿ ಕ್ರೀಡಾ ಕೇಂದ್ರವೊಂದು ಎದ್ದು ನಿಲ್ಲಲು ಶ್ರಮಿಸಿದರು.

ಝಾಟೊಪೆಕ್ ಅವರ ಬಾಳು ಹಾಗೆ ತಣ್ಣಗೆ ಸಾಗಲಿಲ್ಲ. 1968ರಲ್ಲಿ ತಮ್ಮ ದೇಶದ ಸ್ವಾತಂತ್ರ್ಯದ ಪರವಾಗಿ ಸಹಿ ಹಾಕಿದ್ದಕ್ಕೆ ಸೈನ್ಯದ ಹುದ್ದೆ ಹೋಯಿತು. ವರ್ಷಗಟ್ಟಲೆ ಮೈಮುರಿದು ಕೂಲಿಯವರಂತೆ ದುಡಿದರು. 2000ದ ನವೆಂಬರಿನಲ್ಲಿ ತೀರಿಕೊಂಡರು. ಮೆಲ್ಬರ್ನಿನಲ್ಲಿ ಅಪ್ಪಿಕೊಂಡ ಇಬ್ಬರಲ್ಲಿ ಉಳಿದವರು ಇನ್ನೂ ಹನ್ನೆರಡು ವರ್ಷ ಬದುಕಿ, ಸಂದರ್ಭ ಸಿಕ್ಕಾಗಲೆಲ್ಲ ಅಗಲಿದ ಗೆಳೆಯನ ಮಾತಾಡಿದರು.

2013ರ ಜುಲೈ 8ರಂದು ಪ್ಯಾರಿಸ್ಸಿನ ಇನ್ವಾಲೀಡ್ ಅಂಗಳದಲ್ಲಿ ಅಧ್ಯಕ್ಷ ಫ್ರಾನ್ಸ್ವಾ ಓಲಾಂದ್ ಅವರ ಸಮ್ಮುಖದಲ್ಲಿ ಮಿಮೂನರಿಗೆ ರಾಷ್ಟ್ರದ ಅಂತಿಮ ಗೌರವ ಸಂದಿತು. ಮುನ್ನೂರು ವರ್ಷಗಳಿಗೂ ಹಿಂದೆ ಹದಿನಾಲ್ಕನೆಯ ಲೂಯಿ ದೊರೆ ಆ ಕಟ್ಟಡವನ್ನು ಕಟ್ಟಿಸಿದ್ದು, ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸಿಪಾಯಿಗಳ ಆಶ್ರಯಕ್ಕೆಂದು. ಕಾಲು ಉಳಿಸಿಕೊಂಡ ಸಿಪಾಯಿ ಕಡೆಯ ಸಲ ಅಲ್ಲಿಗೆ ಬಂದು, ಅಲ್ಲಿಂದ ಬ್ಯೂಜಾದ ಮಣ್ಣಿಗೆ ಹೋದರು.

ಊರೂರಿನ ಕ್ರೀಡಾಕೂಟಗಳಲ್ಲಿ ಮೊದಲ ಮೂವರು ಬಂದು ಮುಟ್ಟಿದ ಕೂಡಲೇ ಸಿಳ್ಳೆ, ಚಪ್ಪಾಳೆ ಮುಗಿದು ಜನ ಚದುರುತ್ತಾರೆ. ಸುಣ್ಣದ ಗೆರೆಯ ಮೇಲೆ ಇನ್ನೂ ಐದಾರು ಮಕ್ಕಳು ಏದುಸಿರು ಬಿಡುತ್ತ ಓಡಿ ಬರುತ್ತಿರುತ್ತಾರೆ. ಮುಂದಿನ ಸಲ ಗೆದ್ದ ಹುಡುಗನಿಗೆ, ‘ಸ್ವಲ್ಪ ನಿಲ್ಲಪ್ಪ, ನಿನ್ನ ಜೊತೆಯವರು ಬರಲಿ’ ಎಂದು ಯಾರಾದರೂ ಹೇಳಿದರೆ ಅವನ ಬಹುಮಾನಕ್ಕೇನೂ ಕುಂದು ಬಾರದು. ಹೆಚ್ಚೆಂದರೆ ನಾಲ್ಕೂವರೆ ನಿಮಿಷ ತಡವಾದೀತು.